ಫೋಟೋ ತೆಗೆಯಲು ಏನೂ ಇಲ್ಲದ ಊರು

ಗೌರಿಬಿದನೂರು, ಹೊರಡುವ ಮೊದಲು

ಪಾಸ್‌ಪೋರ್ಟು, ವೀಸಾ ಎಲ್ಲ ಸಲೀಸಾಗಿ ಆಯಿತು. ತಲೆಬಿಸಿಯಾದದ್ದು ನಾನು ಊರಲ್ಲಿಲ್ಲದಾಗ ಸೀನನನ್ನು ಎಲ್ಲಿ ಬಿಡುವುದು ಅನ್ನುವುದಕ್ಕೆ.

ಸೀನ ನನ್ನ ತಮ್ಮ. ನಲವತ್ತು ದಾಟಿದೆ, ತಲೆ ಅರ್ಧ ಬೆಳ್ಳಗಾಗಿದೆ. ಕಾಲೇಜಿನಲ್ಲಿದ್ದಾಗ ಅವನಿಗೆ ಯಾರದೋ ಮಾತುಗಳು ಕೇಳಿಸಲು ಶುರುವಾದವು. ಡಾಕ್ಟರು ಅದಕ್ಕೆ ಸ್ಕಿಜೋಫ್ರೇನಿಯಾ ಅನ್ನುತ್ತಾರೆ. ಸೀನ ಮಾತ್ರ ಮನೆಗೆ ಬಂದ ನೆಂಟರ ಸುದ್ದಿ ಹೇಳುವ ಹಾಗೆ "ಇವತ್ತು ಅವ್ರು ಜಾಸ್ತಿ ಮಾತಾಡ್ತಾವ್ರೆ ಅಕ್ಕ" ಅನ್ನುತ್ತಾನೆ. ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ ಹಿಂದೂಪುರದ ಕಡೆಯ ರೈಲು ನೋಡಿಕೊಂಡು ಬರುತ್ತಾನೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಗಂಡ ಇಲ್ಲ, ಮಗಳು ಮದುವೆಯಾಗಿ ತುಮಕೂರಿನಲ್ಲಿದ್ದಾಳೆ. ಮನೆಯಲ್ಲಿ ನಾವಿಬ್ಬರೇ.

ಈಚೆಗೆ ನಮ್ಮ ತಾಲ್ಲೂಕಿನಲ್ಲಿ ಸರ್ಕಾರದ ದುಡ್ಡಿನಲ್ಲಿ ಒಂದು ಏರ್ಪಾಡಾಗಿತ್ತು. ಪವಿತ್ರ ಅನ್ನುವ ನರ್ಸು ಸ್ಕೂಟರಿನಲ್ಲಿ ಇಂಥ ಮನೆಗಳಿಗೆ ಬರುತ್ತಾಳೆ. ನಗರಗೆರೆಯ ಆಚೆಯ ಹಳ್ಳಿಗಳಿಗೂ ಹೋಗುತ್ತಾಳೆ. ಇಂಜೆಕ್ಷನ್ ಕೊಡುತ್ತಾಳೆ, ಕೂತು ಮಾತಾಡುತ್ತಾಳೆ, ಬೈಯುವುದಿದ್ದರೆ ನನ್ನನ್ನೂ ಬೈಯುತ್ತಾಳೆ. ಆದರೆ ಇದು ಪ್ರಯೋಗ. ಮುಂದುವರಿಸಬೇಕೋ, ಅದೇ ಹಣದಲ್ಲಿ ಚಿಕ್ಕಬಳ್ಳಾಪುರದಲ್ಲಿ ಒಂದು ದೊಡ್ಡ ವಾರ್ಡು ಕಟ್ಟಬೇಕೋ ಅನ್ನುವುದು ಇನ್ನೂ ತೀರ್ಮಾನವಾಗಿರಲಿಲ್ಲ.

ಆ ತೀರ್ಮಾನಕ್ಕೆ ಮೊದಲು ಬೆಲ್ಜಿಯಂ ದೇಶದ ಗೇಲ್ ಅನ್ನುವ ಊರನ್ನು ನೋಡಿ ಬನ್ನಿ ಎಂದು ಬೆಂಗಳೂರಿನ ಒಂದು ಸೇವಾಸಂಸ್ಥೆ ಇಬ್ಬರನ್ನು ಕಳಿಸಿತು. ಒಬ್ಬರು ಜಿಲ್ಲೆಯ ಅಧಿಕಾರಿ ರಾಮಚಂದ್ರಪ್ಪನವರು. ದುಡ್ಡು ಯಾವುದಕ್ಕೆ ಹೋಗಬೇಕೆಂದು ಬರೆದು ಕಳಿಸುವವರು ಅವರೇ. ಇನ್ನೊಬ್ಬರು ಕಾಯಿಲೆಯವರ ಮನೆಯ ಕಡೆಯಿಂದ ಯಾರಾದರೂ ಇರಲಿ ಅಂತಾಯಿತು. ಇಂಥ ಮನೆಯವರ ಸಭೆಗಳಲ್ಲಿ ನನ್ನ ಬಾಯಿ ನಿಲ್ಲುವುದಿಲ್ಲವಲ್ಲ, ನನ್ನನ್ನೇ ಆರಿಸಿದರು. ಆ ಊರಿನಲ್ಲಿ ಮನಸ್ಸಿನ ಕಾಯಿಲೆಯವರು ಬೇರೆಯವರ ಮನೆಗಳಲ್ಲಿ ಮನೆಯವರ ಹಾಗೆ ಇರುತ್ತಾರಂತೆ, ಸರ್ಕಾರ ಆ ಮನೆಗಳಿಗೆ ಬೆಂಬಲ ಕೊಡುತ್ತದಂತೆ. ಇದನ್ನು ಕೇಳಿದಾಗಿನಿಂದ ನನಗೆ ನಿದ್ದೆ ಸರಿಯಾಗಿ ಬಂದಿರಲಿಲ್ಲ. ನನ್ನ ನಂತರ ಸೀನನಿಗೆ ಯಾರು ಅನ್ನುವ ಒಂದೇ ಲೆಕ್ಕ ನನಗೆ ಇಷ್ಟು ವರ್ಷ ಬಿಡಿಸಲಾಗಿಲ್ಲ.

ಅಂತೂ ಮೇಲೂರಿನಲ್ಲಿರುವ ಸೋದರಮಾವನ ಮಗಳು ಮುನಿರತ್ನ ಒಪ್ಪಿದಳು. ಅವರ ಮನೆಯಲ್ಲಿ ರೇಷ್ಮೆಹುಳ ಸಾಕುತ್ತಾರೆ. "ನೀನೇನ್ ಅಮೇರಿಕಾದಲ್ಲೇ ಉಳ್ಕೋತೀಯಾ? ಬಿಟ್ಟು ಹೋಗಮ್ಮ. ಮನೆ ತುಂಬಾ ಹುಳ ಅವೆ, ಇನ್ನೊಂದು ಬಾಯಿ ಭಾರನಾ?" ಅಂದಳು. ಅಮೇರಿಕ ಅಲ್ಲ ಕಣೇ, ಬೆಲ್ಜಿಯಂ ಅಂದೆ. "ಎಲ್ಲಾ ಒಂದೇ, ವಿಮಾನ ಹತ್ತೋದು ತಾನೆ" ಅಂದಳು.

ಬ್ರಸೆಲ್ಸ್

ವಿಮಾನದಿಂದ ಇಳಿದು ಸಾಮಾನು ತೆಗೆದುಕೊಳ್ಳುವ ಕಡೆ ಒಂದು ದೊಡ್ಡ ನಾಯಿ ಎಲ್ಲರ ಚೀಲ ಮೂಸುತ್ತಾ ಬಂತು. ನನ್ನ ಚೀಲದ ಹತ್ತಿರ ನಿಂತಿತು. ಒಳಗಿದ್ದದ್ದು ಹುರಿಗಾಳು, ಕಡಲೆಬೀಜದ ಚಟ್ನಿಪುಡಿ. ನಾಯಿ ಇನ್ನೊಂದು ಸಲ ಮೂಸಿ, ಜೋರಾಗಿ ಸೀನಿ, ನನ್ನ ಮುಖವನ್ನು ಬೇಜಾರಿನಿಂದ ನೋಡಿ ಹೊರಟುಹೋಯಿತು. ಪೊಲೀಸಿನವನು ನಗು ತಡೆದುಕೊಂಡು ಹೋಗಿ ಅಂತ ಕೈ ಮಾಡಿದ.

ರಾಮಚಂದ್ರಪ್ಪನವರು ಚಿಂತಾಮಣಿಯವರು, ಮನೆಮಾತು ತೆಲುಗು. ಗಾಬರಿಯಾದರೆ ತೆಲುಗು, ಸಿಟ್ಟು ಬಂದರೆ ಇಂಗ್ಲಿಷು, ಹಸಿವಾದರೆ ಕನ್ನಡ. "ಮೇಡಂ, ಆ ಪುಡಿ ಜೋಪಾನ. ಇಲ್ಲಿ ನಮ್ಮನ್ನ ಕಾಪಾಡೋದು ಅದೊಂದೇ" ಅಂದರು. ವಿಮಾನದಲ್ಲಿ ಸಸ್ಯಾಹಾರ ಎಂದು ಹೇಳಿದ್ದಕ್ಕೆ ಅವರಿಗೆ ಎರಡು ಸಲವೂ ಕತ್ತರಿಸಿದ ಸೌತೆಕಾಯಿಯೇ ಸಿಕ್ಕಿತ್ತು.

ರೈಲಿನಲ್ಲಿ ಗೇಲ್ ಕಡೆಗೆ ಹೊರಟೆವು. ಡಬ್ಬಿಯ ತುಂಬ ಜನ, ಒಂದು ಸದ್ದಿಲ್ಲ. ನಮ್ಮ ಯಲಹಂಕದ ಗಾಡಿಯಲ್ಲಾದರೆ ಇಷ್ಟು ಹೊತ್ತಿಗೆ ಎದುರಿನವರ ಊರು, ಮಕ್ಕಳು, ಸೊಸೆಯ ಗುಣ ಎಲ್ಲ ತಿಳಿದಿರುತ್ತಿತ್ತು. ನಾನು ಎದುರಿಗಿದ್ದ ಹೆಂಗಸಿಗೆ ಹುರಿಗಾಳು ನೀಡಿದೆ. ಆಕೆ ಒಂದೇ ಒಂದು ಕಾಳು ತೆಗೆದುಕೊಂಡು, ಎರಡು ಸಲ ಥ್ಯಾಂಕ್ಸ್ ಹೇಳಿ, ಅದನ್ನು ಊರು ಬರುವ ತನಕ ಅಗಿದರು.

ಗೇಲ್

ಆ ಊರಿನವರು ತಮ್ಮ ಊರಿನ ಹೆಸರು ಹೇಳುವಾಗ ಗಂಟಲಿನಿಂದ ಒಂದು ಖರಖರ ಸದ್ದು ಬರುತ್ತದೆ. ನಾನು ಪ್ರಯತ್ನಪಟ್ಟೆ, ಅವರು ನೀರು ತಂದುಕೊಟ್ಟರು. ಆಮೇಲೆ ನಮ್ಮ ಬಾಯಿಗೆ ಬಂದ ಹಾಗೆ ಗೇಲ್ ಅಂದುಕೊಂಡೇ ಓಡಾಡಿದೆವು.

ಒಂದು ಚೌಕ, ಒಂದು ಚರ್ಚು, ಇಟ್ಟಿಗೆಯ ಮನೆಗಳು, ಸೈಕಲ್ಲುಗಳು. ನಮ್ಮನ್ನು ಕರೆದೊಯ್ದವರು ಬೀದಿಯಲ್ಲಿ ನಡೆಯುತ್ತಾ "ಈ ಮನೆಯಲ್ಲಿ ಒಬ್ಬರಿದ್ದಾರೆ, ಆ ಅಂಗಡಿಯ ಹಿಂದಿನ ಮನೆಯಲ್ಲಿ ಇಬ್ಬರು" ಎನ್ನುತ್ತಾ ಹೋದರು. ಎಲ್ಲ ಮನೆಗಳೂ ಒಂದೇ ತರಹ. ಬೋರ್ಡಿಲ್ಲ, ಗೇಟಿನಲ್ಲಿ ಕಾವಲಿಲ್ಲ. ಕಾಯಿಲೆ ಜೋರಾದಾಗ ನಾಲ್ಕು ದಿನ ಇರಲು ಒಂದು ಆಸ್ಪತ್ರೆಯೂ ಇದೆ. ಅದೂ ನಮ್ಮ ಯಾವುದೋ ಸ್ಕೂಲಿನ ಹಾಗೆ ಸಾದಾ ಸೀದಾ.

ರಾಮಚಂದ್ರಪ್ಪನವರು ಕುತ್ತಿಗೆಗೆ ಕ್ಯಾಮೆರಾ ಹಾಕಿಕೊಂಡು ಸುತ್ತಿದ್ದೇ ಸುತ್ತಿದ್ದು. "ಏಮಿಟಿ ಮೇಡಂ ಇದಿ? ಬಿಲ್ಡಿಂಗ್ ಎಲ್ಲಿ?"

"ಮನೆಗಳಲ್ಲಿ ಇರ್ತಾರೆ ಅಂದ್ರಲ್ಲ ಸಾರ್."

"ಅದು ಸರಿ. ದುಡ್ಡು ಖರ್ಚು ಮಾಡಿದ್ ಮೇಲೆ ಕಣ್ಣಿಗೆ ಕಾಣ್ಬೇಕಲ್ಲಮ್ಮ. ವಾಪಸ್ ಹೋಗಿ ಮೀಟಿಂಗಲ್ಲಿ ಏನ್ ತೋರಿಸ್ಲಿ ನಾನು? ಫೋಟೋ ತೆಗೆಯೋಕೆ ಏನೂ ಇಲ್ವಲ್ಲ!"

ಅವರು ಕೆಟ್ಟವರಲ್ಲ. ಟೇಪು ಕತ್ತರಿಸಲು ಒಂದು ಬಾಗಿಲಾದರೂ ಬೇಕು, ಇಲ್ಲದಿದ್ದರೆ ಹಣ ಮಂಜೂರು ಮಾಡುವವರು ನಂಬುವುದಿಲ್ಲ ಅನ್ನುವುದು ಅವರ ಅನುಭವ. ಕೊನೆಗೆ ಚರ್ಚಿನ ಮುಂದೆ ನನ್ನನ್ನೇ ನಿಲ್ಲಿಸಿ ಒಂದು ಫೋಟೋ ತೆಗೆದರು. ಅದರಲ್ಲಿ ನಾನು ಕಣ್ಣು ಮುಚ್ಚಿದ್ದೇನೆ.

ಗ್ರೀಟ್ ಅವರ ಅಡುಗೆಮನೆ

ರಾಮಚಂದ್ರಪ್ಪನವರಿಗೆ ಹೋಟೆಲು, ನನಗೆ ಅಂಥದೇ ಒಂದು ಮನೆಯಲ್ಲಿ ಜಾಗ. ಮನೆಯಾಕೆ ಗ್ರೀಟ್, ನನ್ನದೇ ವಯಸ್ಸು. ಇಂಗ್ಲಿಷನ್ನು ನನ್ನ ಹಾಗೆಯೇ ನಿಧಾನವಾಗಿ ಆಡುತ್ತಾರೆ. ಅವರ ಮನೆಯಲ್ಲಿರುವವರು ಯಾನ್, ಎತ್ತರದ ಮುದುಕ, ದೊಡ್ಡ ಕಿವಿಗಳು. ನನಗೆ ಕೈ ಕೊಟ್ಟು, ತಮ್ಮ ಭಾಷೆಯಲ್ಲಿ ಏನೋ ಕೇಳಿದರು. "ನಿಮ್ಮೂರಲ್ಲಿ ಕುದುರೆ ಇದೆಯಾ ಅಂತ ಕೇಳ್ತಿದ್ದಾನೆ" ಅಂದರು ಗ್ರೀಟ್. ಈಗ ಕಡಿಮೆ ಅಂದೆ. ಯಾನ್‌ಗೆ ಅದು ಒಳ್ಳೆಯ ಸುದ್ದಿಯೆನಿಸಲಿಲ್ಲ.

ಊಟಕ್ಕೆ ಕ್ಯಾರೆಟ್ಟು ಹಾಕಿ ಕಿವುಚಿದ ಆಲೂಗೆಡ್ಡೆ. ನನ್ನ ಚಟ್ನಿಪುಡಿಯನ್ನು ಮೇಜಿನ ನಡುವೆ ಇಟ್ಟೆ. ಯಾನ್ ಒಂದು ಚಮಚ ತುಂಬ ಹಾಕಿಕೊಂಡರು. ಕಣ್ಣಲ್ಲಿ ನೀರು ಸುರಿಯಿತು, ಕಿವಿ ಕೆಂಪಾಯಿತು, ಮತ್ತೊಂದು ಚಮಚ ಹಾಕಿಕೊಂಡರು. ನನಗೆ ಬಹಳ ಖುಷಿಯಾಯಿತು.

ಎಡವಟ್ಟಾದದ್ದು ಊಟವಾದ ಮೇಲೆ. ನಮ್ಮ ಕಡೆ ಹೆಂಗಸರು ಯಾರ ಮನೆಗೆ ಹೋದರೂ ಉಂಡು ಕೈ ತೊಳೆದು ಸುಮ್ಮನೆ ಕೂರುವ ಹಾಗಿಲ್ಲ. ಬೇಡ ಬೇಡ ಎಂದರೂ ಅಡುಗೆಮನೆಗೆ ನುಗ್ಗಲೇಬೇಕು, ಇಲ್ಲದಿದ್ದರೆ ಏನು ಮೈಗಳ್ಳಿಯಪ್ಪ ಅನ್ನುತ್ತಾರೆ. ಗ್ರೀಟ್ ಹಿತ್ತಲಿನಲ್ಲಿ ಕೋಳಿಗೆ ಕಾಳು ಹಾಕಲು ಹೋಗಿದ್ದರು. ನಾನು ಸೆರಗು ಸಿಕ್ಕಿಸಿ, ಎಲ್ಲ ತಟ್ಟೆ, ಲೋಟ, ಪಾತ್ರೆ ತೊಳೆದು, ಒರೆಸಿ, ಬೀರುವಿನಲ್ಲಿ ಜೋಡಿಸಿಯೇಬಿಟ್ಟೆ. ತಿರುಗಿ ನೋಡಿದರೆ ಯಾನ್ ಬಾಗಿಲಲ್ಲಿ ನಿಂತಿದ್ದಾರೆ. ಕೈಯಲ್ಲಿ ಮಡಿಸಿದ ಬಟ್ಟೆ. ಖಾಲಿ ಮೇಜನ್ನು ನೋಡಿದರು. ಬಟ್ಟೆಯನ್ನು ನೆಲಕ್ಕೆಸೆದು, ಬಾಗಿಲು ದಢಾರನೆ ಹಾಕಿಕೊಂಡು ಹೊರಟೇಹೋದರು.

ಸೀನ ಒಂದು ಸಲ ಹೀಗೇ ಬಾಗಿಲು ಹಾಕಿಕೊಂಡು ಹೋಗಿದ್ದ. ಊರೆಲ್ಲ ಹುಡುಕಿ, ಯಾರಿಗೆ ಹೇಳಬೇಕೆಂದು ಗೊತ್ತಾಗದೆ, ಕಂಡಕಂಡವರ ಹತ್ತಿರ ಅತ್ತು, ಕೊನೆಗೆ ಹಿಂದೂಪುರ ಸ್ಟೇಷನ್ನಿನ ಬೆಂಚಿನ ಮೇಲೆ ಸಿಕ್ಕಿದ್ದ. ನಾನು ಚಪ್ಪಲಿಯನ್ನೂ ಮೆಟ್ಟದೆ ಹಿತ್ತಲಿಗೆ ಓಡಿದೆ. "ಗ್ರೀಟ್! ಅವರು ಹೊರಟುಹೋದರು! ನನ್ನಿಂದಲೇ ಆಯಿತು!"

ನಡೆದದ್ದನ್ನು ಕೇಳಿ ಗ್ರೀಟ್ ಕೋಳಿಯ ಕಾಳು ಕೆಳಗಿಟ್ಟರು. "ಅಯ್ಯೋ, ಪಾತ್ರೆ ಒರೆಸೋದು ಅವನ ಕೆಲಸ. ನಮ್ಮಮ್ಮನ ಕಾಲದಿಂದಲೂ ಅವನದೇ. ಮೊದಲು ಲೋಟ, ಆಮೇಲೆ ತಟ್ಟೆ. ನನ್ನ ಗಂಡ ಮುಟ್ಟಿದರೂ ಬಿಡಲ್ಲ."

"ಈಗ ಎಲ್ಲಿ ಹುಡುಕೋಣ?"

"ಕುದುರೆ ನೋಡಲು ಹೋಗಿರುತ್ತಾನೆ, ಬರುತ್ತಾನೆ. ಬರದಿದ್ದರೆ ಅದೋ ಅಲ್ಲಿ ನಂಬರಿದೆ." ಅಡುಗೆಮನೆಯ ಗೋಡೆಯ ಮೇಲೆ ಒಂದು ಚೀಟಿ ಅಂಟಿಸಿತ್ತು. "ಅದಕ್ಕೆ ಫೋನ್ ಮಾಡಿದರೆ ಯಾವಾಗಲೂ ಯಾರಾದರೂ ಎತ್ತುತ್ತಾರೆ. ಎತ್ತುವವರಿಗೆ ಯಾನ್ ಯಾರು ಅಂತ ಗೊತ್ತಿರುತ್ತೆ."

ಅಲ್ಲಿ ಬೇಸಿಗೆಯಲ್ಲಿ ಊಟವಾದ ಮೇಲೂ ಎಷ್ಟೋ ಹೊತ್ತು ಬೆಳಕಿರುತ್ತದೆ. ನಾನು ಕಿಟಕಿಯಲ್ಲೇ ನಿಂತಿದ್ದೆ. ಬಿಸಿಲಿರುವಾಗಲೇ ಯಾನ್ ಬಂದರು, ಶೂಸಿನ ತುಂಬ ಕೆಸರು. ಯಾರೂ ಬೈಯಲಿಲ್ಲ, ಎಲ್ಲಿ ಹೋಗಿದ್ದೆ ಎಂದು ಕೇಳಲೂ ಇಲ್ಲ. ನಾನು ಬೀರು ತೆಗೆದು, ತೊಳೆದಿಟ್ಟಿದ್ದ ಲೋಟ ತಟ್ಟೆಗಳನ್ನೆಲ್ಲ ಹೊರಗೆ ತೆಗೆದು, ಮತ್ತೆ ನೀರಿಗೆ ಹಾಕಿದೆ. ನಮ್ಮೂರಲ್ಲಿ ಟ್ಯಾಂಕರ್ ನೀರನ್ನು ಹೀಗೆ ಸುರಿದಿದ್ದರೆ ಅಮ್ಮ ಸೌಟಿನಲ್ಲೇ ಬಾರಿಸುತ್ತಿದ್ದರು. ಮೊದಲು ಲೋಟ ತೊಳೆದು ಕೈ ಚಾಚಿದೆ. ಯಾನ್ ಬಟ್ಟೆ ಎತ್ತಿಕೊಂಡು ಬಂದು ಪಕ್ಕದಲ್ಲಿ ನಿಂತರು.

ಚರ್ಚು

ಮರುದಿನ ಗ್ರೀಟ್ ಆ ಚರ್ಚಿನ ಒಳಗೆ ಕರೆದೊಯ್ದರು. ಎಷ್ಟೋ ನೂರು ವರ್ಷಗಳ ಹಿಂದೆ, ಬುದ್ಧಿ ಕಲಕಿದವರನ್ನು ಇಲ್ಲಿನ ಒಬ್ಬ ಸಂತಳ ಹತ್ತಿರ ಹರಕೆಗೆ ಕರೆತರುತ್ತಿದ್ದರಂತೆ. ಬಂದವರೆಲ್ಲರಿಗೂ ಚರ್ಚಿನಲ್ಲಿ ಜಾಗವಿರಲಿಲ್ಲ. ಊರಿನವರು ತಮ್ಮ ಮನೆಗಳಲ್ಲಿ ಇಟ್ಟುಕೊಂಡರು. ಕೆಲವರು ವಾಪಸ್ಸು ಹೋಗಲೇ ಇಲ್ಲ. ಅಲ್ಲಿಂದ ಬಂದ ಪದ್ಧತಿ ಇದು.

ನಾನು ಆ ತಂಪು ಕಲ್ಲಿನ ಮೇಲೆ ಕೂತುಬಿಟ್ಟೆ. ಮುರುಗಮಲ್ಲ ನೆನಪಾಯಿತು. ಚಿಂತಾಮಣಿ ತಾಲ್ಲೂಕಿನ ಆ ದರ್ಗಾಕ್ಕೆ ನಮ್ಮ ಕಡೆ ಹಿಂದೂ ಮುಸ್ಲಿಂ ಅಂತಿಲ್ಲದೆ ಎಲ್ಲರೂ ಇಂಥವರನ್ನು ಕರೆದೊಯ್ಯುತ್ತಾರೆ. ಸೀನನಿಗೆ ಮೊದಮೊದಲು ಆದಾಗ ಅಮ್ಮ, ನಾನು ಅವನನ್ನು ಅಲ್ಲಿಗೇ ಕರೆದುಕೊಂಡು ಹೋದೆವು. ಇರಲು ಜಾಗವಿಲ್ಲದೆ ರಸ್ತೆಯ ಪಕ್ಕ ನಿಂತಿದ್ದಾಗ ಉರ್ದು ಮಾತಾಡುವ ಒಬ್ಬ ಹೆಂಗಸು ಬಂದು, ಅಮ್ಮನ ಕೈ ಹಿಡಿದು ತನ್ನ ಮನೆಗೆ ಕರೆದೊಯ್ದಳು. ಹಜಾರ ಬಿಟ್ಟುಕೊಟ್ಟಳು. ಸೀನ ಕೂಗಾಡಿದರೆ "ಕುಚ್ ನಹೀ, ಕುಚ್ ನಹೀ" ಅಂತ ತಲೆ ಸವರುತ್ತಿದ್ದಳು. ಆಕೆಯ ಹೆಸರು ಕೂಡ ನಾವು ಸರಿಯಾಗಿ ಕೇಳಿಕೊಳ್ಳಲಿಲ್ಲ, ಅವರ ಮಾತಿನಲ್ಲಿ ಅಕ್ಕ ಅನ್ನುವ ಹಾಗೆ ಆಪಾ ಅನ್ನುತ್ತಿದ್ದೆವು.

ನಮ್ಮ ಜನರಿಗೆ ಮನಸ್ಸಿಲ್ಲ, ಈ ಬಿಳಿಯರಿಗಿದೆ ಎಂದುಕೊಂಡು ಬಂದಿದ್ದೆ. ಹಾಗಲ್ಲವಲ್ಲ ಅನ್ನಿಸಿತು. ಆಪಾ ಕೂಡ ಗ್ರೀಟ್ ಅವರ ಹಿರಿಯರು ಮಾಡಿದ್ದನ್ನೇ ಮಾಡಿದ್ದಳು. ಆದರೆ ಆಪಾಳ ಗೋಡೆಯ ಮೇಲೆ ಯಾವ ನಂಬರೂ ಇರಲಿಲ್ಲ. ಸೀನ ಒಂದು ದಿನ ಅವಳ ಮೊಮ್ಮಗನನ್ನು ನೂಕಿ ಬೀಳಿಸಿದಾಗ ನಾವೇ ನಾಚಿಕೆಪಟ್ಟು ಗಂಟುಮೂಟೆ ಕಟ್ಟಿ ಬಂದೆವು.

ಗ್ರೀಟ್‌ಗೆ ಇದನ್ನೆಲ್ಲ ಹೇಳಿದೆ. ಆಮೇಲೆ ನಾನು ಊರಿನಿಂದ ಹೊತ್ತು ತಂದಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. "ನಿಮ್ಮ ನಂತರ ಯಾನ್‌ಗೆ ಯಾರು?"

"ನಾನು ಅವನನ್ನು ಹುಡುಕಿ ತಂದವಳಲ್ಲ. ಅಮ್ಮ ಹೋದ ಮೇಲೆ ಮನೆಯ ಜೊತೆ ಅವನೂ ನನ್ನ ಪಾಲಿಗೆ ಬಂದ. ನನ್ನ ಮಗ ಯೋಚನೆ ಮಾಡ್ತಿದ್ದಾನೆ. ಅವನು ಆಗಲ್ಲ ಅಂದರೆ ನರ್ಸು ಈಗಿನಿಂದಲೇ ಇನ್ನೊಂದು ಮನೆಯ ಪರಿಚಯ ಮಾಡಿಸ್ತಾಳೆ. ಅದು ನಾನೊಬ್ಬಳೇ ಹೊರಬೇಕಾದ ಚಿಂತೆ ಅಲ್ಲ" ಅಂದರು. ನನಗೆ ಹೊಟ್ಟೆಕಿಚ್ಚಾಯಿತು. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಅಷ್ಟು ಹೊಟ್ಟೆಕಿಚ್ಚು ನನಗೆ ಯಾರ ಒಡವೆ ನೋಡಿಯೂ ಆಗಿಲ್ಲ.

ಸೈಕಲ್ಲಿನ ನರ್ಸು

ಹೊರಡುವ ಹಿಂದಿನ ದಿನ ಗ್ರೀಟ್ ಅವರ ಮನೆಗೆ ನರ್ಸು ಬರುತ್ತಾರೆಂದು ರಾಮಚಂದ್ರಪ್ಪನವರನ್ನೂ ಕರೆಸಿದ್ದೆವು. ನರ್ಸಮ್ಮ ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಬಂದರು. ಕಾಫಿ ಕುಡಿದರು, ಕೇಕು ತಿಂದರು, ಕೋಳಿಯ ಬಗ್ಗೆ ಮಾತಾಡಿದರು. ಯಾನ್ ಜೊತೆ ಕುದುರೆ ನೋಡಿ ಬಂದರು. ಮತ್ತೆ ಕಾಫಿ.

ರಾಮಚಂದ್ರಪ್ಪನವರು ನನ್ನ ಕಿವಿಯಲ್ಲಿ "ಏನೂ ಮಾಡ್ಲೇ ಇಲ್ವಲ್ಲ ಮೇಡಂ! ಬಿಪಿನಾದ್ರೂ ನೋಡ್ಬಾರ್ದಾ?" ಅಂದರು.

ಕನ್ನಡ ತಿಳಿಯದಿದ್ದರೂ ಗ್ರೀಟ್‌ಗೆ ಮುಖ ನೋಡಿಯೇ ಅರ್ಥವಾಯಿತು. "ಅವಳು ಯಾನ್‌ನ ಉಗುರು ನೋಡಿದಳು, ಶೂಸು ನೋಡಿದಳು, ಎಷ್ಟು ತಿಂದ ಅಂತ ನೋಡಿದಳು. ನಾನು ಸುಸ್ತಾಗಿದ್ದೀನಾ ಅಂತ ನನ್ನನ್ನೂ ನೋಡಿದಳು" ಅಂದರು.

"ಸರ್ಕಾರ ಹಣ ಕೊಡೋದನ್ನ ನಿಲ್ಲಿಸಿದರೆ ಇವರನ್ನು ಕಳಿಸಿಬಿಡ್ತೀರಾ?" ಸಾಹೇಬರು ನೇರವಾಗಿ ಕೇಳಿದರು. ಇಂಥದ್ದನ್ನು ಅಲ್ಲಿ ಯಾರೂ ಕೇಳುವುದಿಲ್ಲ, ನಮಗೇನು.

ಗ್ರೀಟ್ ನಕ್ಕರು. "ಯಾನ್‌ನ ಊಟಕ್ಕೆ ಕೊಡುವುದನ್ನು ನಿಲ್ಲಿಸಿದರೆ ಹೇಗೋ ಮಾಡ್ತೀನಿ. ಇವಳು ಬರುವುದನ್ನು ನಿಲ್ಲಿಸಿದರೆ ನನ್ನ ಕೈಲಿ ಆಗಲ್ಲ."

ಅಷ್ಟರಲ್ಲಿ ನನ್ನ ಮೊಬೈಲು ಕುಣಿಯಿತು. ಮೇಲೂರಿನಿಂದ ಮುನಿರತ್ನ. ಅವಳ ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ. "ವಿಜೀ, ನಿನ್ನೆಯಿಂದ ಸೀನಪ್ಪ ಊಟ ಮುಟ್ಟಿಲ್ಲ ಕಣೇ. ಮೂಲೆಲಿ ಕೂತವ್ನೆ, ಕಿವಿ ಮುಚ್ಕೊಂಡು. 'ಅಕ್ಕ, ಪೋದಾಂ, ಪೋದಾಂ' ಅಂತ ತೆಲುಗಲ್ಲಿ ಅಂತಾನೆ, ಹೋಗಣ ಅಂತೆ, ಎಲ್ಲಿಗೋ ಏನೋ."

"ಯಾಕೆ? ಏನಾಯ್ತು? ನಿನ್ನೆ ತನಕ ಚೆನ್ನಾಗಿದ್ದನಲ್ಲ?"

"ಚೆನ್ನಾಗೇ ಇದ್ದ. ಹುಳದ ಮನೆಲೇ ಇರ್ತಿದ್ದ, ಸೊಪ್ಪು ಹಾಕ್ತಿದ್ದ. ನಿನ್ನೆ ಹುಳ ಜ್ವರಕ್ಕೆ ಕೂತ್ವು ನೋಡು, ಆವಾಗ್ಲಿಂದ ಹಿಂಗೆ."

ಪೊರೆ ಬಿಡುವ ಮೊದಲು ರೇಷ್ಮೆಹುಳ ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಸೀನನನ್ನು ಫೋನಿಗೆ ಕರೆಸಿದೆ. ಬಹಳ ಹೊತ್ತಿನ ಮೇಲೆ ಬಂದ. "ಅಕ್ಕ, ಹುಳ ತಿಂತಾ ಇದ್ರೆ ಸದ್ದಿರ್ತಿತ್ತು. ಅವ್ರು ಮಾತಾಡೋದು ಸರಿಯಾಗಿ ಕೇಳಿಸ್ತಿರ್ಲಿಲ್ಲ. ಈಗ ಸುಮ್ನಾಗ್ಬಿಟ್ಟವೆ. ಅವ್ರು ಎಲ್ರೂ ಬಂದ್ಬಿಟ್ರು" ಅಂದ.

ಹಿಂದೆಯೇ ಮುನಿರತ್ನ ಫೋನು ಕಿತ್ತುಕೊಂಡಳು. "ಯಾರಿಗೆ ಫೋನ್ ಮಾಡ್ಲೇ ನಾನು? ಹೇಳು. ಯಾರಿಗೆ?"

ಗೌರಿಬಿದನೂರಿನ ಪವಿತ್ರಳಿಗೆ ಫೋನ್ ಮಾಡಿದೆ. "ಮೇಲೂರು ಶಿಡ್ಲಘಟ್ಟ ತಾಲ್ಲೂಕು ಮೇಡಂ, ನಂಗೆ ಅಲ್ಲಿಗೆ ಹೋಗೋ ಹಂಗಿಲ್ಲ. ನಂಬರ್ ಕೊಡಿ, ಮಾತಾದ್ರೂ ಆಡ್ತೀನಿ" ಅಂದಳು ಪಾಪ. ನಾನು ಗ್ರೀಟ್ ಅವರ ಅಡುಗೆಮನೆಯಲ್ಲಿ, ಆ ಚೀಟಿ ಅಂಟಿಸಿದ ಗೋಡೆಯ ಎದುರಿಗೇ ನಿಂತು ಅತ್ತುಬಿಟ್ಟೆ. ಯಾನ್ ಪಾತ್ರೆ ಒರೆಸುವ ಬಟ್ಟೆಯನ್ನು ತಂದು ನನ್ನ ಕೈಗೆ ಕೊಟ್ಟರು. ರಾಮಚಂದ್ರಪ್ಪನವರು ಹೊರಗೆ ಹೋಗಿ ನಿಂತರು.

ಮೇಲೂರು

ಬೆಂಗಳೂರಿನಲ್ಲಿ ಇಳಿದವಳು ಮನೆಗೆ ಹೋಗದೆ ನೇರವಾಗಿ ಮೇಲೂರಿಗೆ ಹೋದೆ. ದಾರಿಯುದ್ದಕ್ಕೂ ಸೀನ ಮೂಲೆಯಲ್ಲಿ ಕೂತಿರುವುದೇ ಕಣ್ಣ ಮುಂದೆ ಬರುತ್ತಿತ್ತು.

ಹುಳದ ಮನೆಯ ಬಾಗಿಲಿನಲ್ಲೇ ಮುನಿರತ್ನ ತಡೆದಳು. "ಚಪ್ಪಲಿ ಬಿಡು, ಕೈ ಕಾಲು ತೊಳ್ಕೊ. ಯಾವ ದೇಶದ ಸೋಂಕು ತಂದಿದ್ದೀಯೋ." ಒಳಗೆ ಹೋದರೆ ತಟ್ಟೆಗಳ ತುಂಬ ಹುಳ, ಹಿಪ್ಪುನೇರಳೆ ಸೊಪ್ಪನ್ನು ಕರಕರ ಕತ್ತರಿಸುತ್ತಿವೆ. ಸೀನ ಸೊಪ್ಪಿನ ಬುಟ್ಟಿ ಹಿಡಿದು ನಿಂತಿದ್ದಾನೆ, ಗಡ್ಡ ಬೋಳಿಸಿಕೊಂಡಿದ್ದಾನೆ. ನನ್ನನ್ನು ನೋಡಿ "ಜ್ವರ ಎದ್ವು ಅಕ್ಕ" ಅಂದ.

ಹುಳಗಳು ಎದ್ದು ತಿನ್ನಲು ಶುರುಮಾಡಿದ ಮೇಲೆ ಅವನೂ ಎದ್ದು ಉಂಡನಂತೆ. ನಡುವಿನ ಆ ಹೊತ್ತನ್ನು ಮುನಿರತ್ನ ಮತ್ತು ಅವಳ ಗಂಡ ಸರದಿಯ ಮೇಲೆ ಅವನ ಪಕ್ಕ ಕೂತು ಕಳೆದಿದ್ದರು. ಪವಿತ್ರ ಫೋನಿನಲ್ಲಿ ಹೇಳಿದ ಹಾಗೆ ಹುಳದ ಮನೆಯಲ್ಲಿ ಸಣ್ಣಗೆ ರೇಡಿಯೋ ಹಾಕಿಟ್ಟಿದ್ದರು.

ನಡಿ ಸೀನ, ಮನೆಗೆ ಹೋಗಣ ಅಂದೆ. ಅವನು ತಟ್ಟೆಯ ಕಡೆ ನೋಡಿದ. "ಹುಳ ಹಣ್ಣಾಗೋ ತನಕ ಇರ್ತೀನಿ. ಕೈ ಸಾಲಲ್ಲ ಇವ್ರಿಗೆ" ಅಂದ. ಮಾಗಿದ ಹುಳವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗೆ ಹಾಕುವ ಹೊತ್ತಿಗೆ ಬೀದಿಯವರನ್ನೆಲ್ಲ ಕರೆಯಬೇಕಾಗುತ್ತದೆ, ಅದು ನಿಜ.

ಮುನಿರತ್ನ ನನ್ನನ್ನು ಹೊರಗೆ ಕರೆದಳು. "ಇಲ್ಲೇ ಇರ್ಲಿ ಅಂದ್ರೆ ಇಟ್ಕೋತೀವಿ ವಿಜಿ. ಈ ಬೆಳೆಗೂ ಇರ್ಲಿ, ಮುಂದುಕ್ಕೂ ಇರ್ಲಿ, ನೀನಿಲ್ದೆ ಇದ್ರೂ ಇರ್ಲಿ. ನಮ್ಮೆಜಮಾನ್ರೂ ಹೂಂ ಅಂದವ್ರೆ. ಆದ್ರೆ ಆವತ್ತಿನಂಗೆ ಇನ್ನೊಂದು ದಿನ ನಾವಿಬ್ರೇ ಅಂದ್ರೆ ನಂಗಾಗಲ್ಲ. ನಿಮ್ಮ ನರ್ಸಮ್ಮ ಮೇಲೂರಿಗೂ ಬರ್ತಾಳಾ? ಅದೊಂದು ಹೇಳು."

ಚಿಕ್ಕಬಳ್ಳಾಪುರ

ಆ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ನಾನಲ್ಲವಾದ್ದರಿಂದ, ಹಣದ ತೀರ್ಮಾನದ ಸಭೆಗೆ ಮುನಿರತ್ನಳನ್ನೂ ಎಳೆದುಕೊಂಡು ಹೋದೆ. ಅವಳು ಮದುವೆಗೆ ಹೊರಟ ಹಾಗೆ ರೇಷ್ಮೆಸೀರೆ ಉಟ್ಟು ಬಂದಳು.

ಉದ್ದನೆಯ ಮೇಜು, ದೊಡ್ಡ ಅಧಿಕಾರಿಗಳು, ಬಿಸ್ಕತ್ತು. ಹೊಸ ವಾರ್ಡಿನ ಬಣ್ಣದ ನಕ್ಷೆಯನ್ನು ಗೋಡೆಯ ಮೇಲೆ ತೋರಿಸಿದರು. ಚೆನ್ನಾಗಿಯೇ ಇತ್ತು, ಮುಂದೆ ಕಾರಂಜಿ ಬೇರೆ. ಆಮೇಲೆ ರಾಮಚಂದ್ರಪ್ಪನವರನ್ನು ವಿದೇಶದಲ್ಲಿ ಏನು ನೋಡಿದಿರಿ ಎಂದು ಕೇಳಿದರು. ಅವರು ಒಂದೇ ಒಂದು ಫೋಟೋ ತೋರಿಸಿದರು. ಇಟ್ಟಿಗೆಯ ಗೋಡೆ, ಅದಕ್ಕೆ ಒರಗಿಸಿದ ಸೈಕಲ್ಲು. ನಾನು ಅಳುತ್ತಿದ್ದಾಗ ಹೊರಗೆ ಹೋಗಿ ನಿಂತವರು ಅದನ್ನು ತೆಗೆದಿದ್ದರು.

"ಇದೇನ್ರಿ ಇದು?"

"ಅಲ್ಲಿ ದುಡ್ಡು ಖರ್ಚು ಮಾಡಿರೋದು ಇದಕ್ಕೆ ಸಾರ್. ಇದರ ಮೇಲೆ ಬರೋ ನರ್ಸಿಗೆ" ಅಂದರು. ಬೆವರುತ್ತಿದ್ದರು. "ಇನ್ನ ಮಿಕ್ಕಿದ್ದು ಇವರು ಹೇಳ್ತಾರೆ." ನನ್ನನ್ನು ಕರೆಯುತ್ತಾರೆಂದುಕೊಂಡು ನಾನು ಗಂಟಲು ಸರಿಮಾಡಿಕೊಂಡೆ. ಅವರು ಮುನಿರತ್ನಳ ಕಡೆ ಕೈ ತೋರಿಸಿದರು.

ಮುನಿರತ್ನ ಎದ್ದು ನಿಂತು, ಹೆದರಿ, ಮತ್ತೆ ಕೂತು, ಕೂತೇ ಹೇಳಿದಳು. "ಇವಳ ತಮ್ಮನ್ನ ನಮ್ಮನೇಲಿ ಇಟ್ಕೊಂಡಿವ್ನಿ. ಅನ್ನ ಹಾಕ್ತೀನಿ, ಅದುಕ್ಕೆ ನೀವೇನೂ ಕೊಡ್ಬೇಡಿ. ಅವ್ನು ಕಿವಿ ಮುಚ್ಕೊಂಡು ಕೂತಾಗ ಒಂದು ಫೋನ್ ಮಾಡಿದ್ರೆ ಎತ್ತೋರು ಬೇಕು. ಆವಾಗಾವಾಗ ಮನೆಗೆ ಬರೋರು ಒಬ್ಬರು ಬೇಕು. ಅಷ್ಟು ಮಾಡಿಕೊಟ್ರೆ ನಾನು ಸಾಯೋ ತನಕ ನೋಡ್ಕೋತೀನಿ. ಮಾಡಿಕೊಡಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಕರ್ಕೊಂಡೋಗು ಅಂತ ಇವಳಿಗೆ ಹೇಳ್ತೀನಿ."

ಅಂದು ಯಾರೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಪರಿಶೀಲಿಸುತ್ತೇವೆ ಅಂದರು. ಬಸ್ಸಿನಲ್ಲಿ ಬರುವಾಗ ಮುನಿರತ್ನ "ನಾನು ಜಾಸ್ತಿ ಮಾತಾಡಿಬಿಟ್ನೇನೇ?" ಅಂತ ಮೂರು ಸಲ ಕೇಳಿದಳು.

ಮೇಲೂರು, ಇನ್ನೊಮ್ಮೆ

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಸೀನನನ್ನು ನೋಡಲು ಹೋಗಿದ್ದೆ. ಅವನು ಅಲ್ಲೇ ಉಳಿದುಕೊಂಡಿದ್ದ. ರೈಲು ಇಲ್ಲವಲ್ಲೋ ಇಲ್ಲಿ ಅಂದರೆ "ಹುಳ ಅವೆಯಲ್ಲ" ಅನ್ನುತ್ತಿದ್ದ. ಮುನಿರತ್ನಳೂ ನಾನೂ ಹಜಾರದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ಹೊರಗೆ ಸ್ಕೂಟರ್ ನಿಂತ ಸದ್ದು. ಹೊಸ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು "ಶ್ರೀನಿವಾಸ ಅನ್ನೋರ ಮನೆ ಇದೇನಾ? ನಾನು ನರ್ಸು. ಈ ಕಡೆಗೂ ಇನ್ಮೇಲೆ ನಾವು ಬರ್ತೀವಿ. ಭಾನುವಾರ ಎಲ್ಲರೂ ಮನೇಲಿ ಸಿಗ್ತೀರ ಅಂತ ಇವತ್ತೇ ಬಂದೆ" ಅಂದಳು.

"ಹೂಂ ಬನ್ನಿ, ಅವನಿಗೆ ಹೇಗಿದೆ ಅಂದರೆ..." ಎನ್ನುತ್ತಾ ನಾನು ಎದ್ದೆ. ಮುನಿರತ್ನ ನನ್ನ ಸೆರಗು ಹಿಡಿದು ಜಗ್ಗಿ ಕೂರಿಸಿದಳು.

ಸೀನ ಕೈ ಒರೆಸಿಕೊಳ್ಳುತ್ತಾ ಹಿಂದಿನಿಂದ ಬಂದ. "ನಾನೇ ಶ್ರೀನಿವಾಸ. ಬನ್ನಿ. ಹುಳದ ಮನೆಗೆ ಬರೋದಾದ್ರೆ ಚಪ್ಪಲಿ ಬಿಟ್ಟು ಕಾಲು ತೊಳ್ಕೊಂಡು ಬನ್ನಿ" ಅಂದ. ಹುಡುಗಿ ಚಪ್ಪಲಿ ಬಿಟ್ಟಳು. ಇಬ್ಬರೂ ಒಳಗೆ ಹೋದರು, ಅವನು ಏನೋ ತೋರಿಸುತ್ತಿರುವುದು, ಅವಳು ಕೇಳುತ್ತಿರುವುದು ಕಾಣುತ್ತಿತ್ತು. ನಾನು ಬಿಡಿಸಿದ ಅವರೆಕಾಳಿಗಿಂತ ಸಿಪ್ಪೆಯನ್ನೇ ಜಾಸ್ತಿ ಪಾತ್ರೆಗೆ ಹಾಕಿದೆನಂತೆ, ಮುನಿರತ್ನ ಬೈದಳು.

ಹೊರಡುವ ಮೊದಲು ಆ ಹುಡುಗಿ ಒಂದು ನಂಬರನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದಳು.

ಆಮೇಲೆ ಎಲ್ಲರೂ ಊಟಕ್ಕೆ ಕೂತೆವು. ಮುದ್ದೆ, ಅವರೆಕಾಳು ಸಾರು. ಉಂಡಾದ ಮೇಲೆ ನಾನು ಎಂದಿನ ಹಾಗೆ ನನ್ನ ತಟ್ಟೆ, ಅವನ ತಟ್ಟೆ ಎರಡನ್ನೂ ಎತ್ತಿಕೊಂಡು ಬಚ್ಚಲಿಗೆ ಹೊರಟೆ. ಸೀನ ಅಡ್ಡ ಬಂದು ನಿಂತ.

"ಕೊಡಕ್ಕ. ಇದು ನನ್ನ ಕೆಲಸ. ನೆಂಟ್ರು ತೊಳೀಬಾರ್ದು" ಅಂದ.

ಅವನು ನೆಂಟ್ರು ಅಂದದ್ದು ನನ್ನನ್ನೇ. ಎರಡೂ ತಟ್ಟೆಗಳನ್ನು ಅವನ ಕೈಗೆ ಕೊಟ್ಟೆ. ಕೈ ಮಾತ್ರ ತೊಳೆದುಕೊಂಡು, ಬಂದು, ಹಜಾರದಲ್ಲಿ ನೆಂಟರ ಹಾಗೆ ಕೂತೆ.